ಗಿಣಿ ದಾಟಿಸಿದ ಮಾತು

ಆ ಮನೆಯಲ್ಲಿ ಜಗಳವೆಲ್ಲ ಊಟಕ್ಕೆ ಕೂತಾಗಲೇ ಶುರುವಾಗುತ್ತಿತ್ತು. ಬೇರೆ ಹೊತ್ತಿನಲ್ಲಿ ಜಗಳವಾಡಲು ಎಲ್ಲರೂ ಒಂದು ಕಡೆ ಸಿಗುತ್ತಿರಲಿಲ್ಲ. ಅಪ್ಪನಿಗೆ ಬಸ್ ಡಿಪೋದಲ್ಲಿ ಗಾಡಿ ರಿಪೇರಿಯ ಕೆಲಸ, ಬೆಳಕು ಹರಿಯುವ ಮೊದಲೇ ಮನೆ ಬಿಡಬೇಕು. ಅಮ್ಮನಿಗೆ ಹೋಟೆಲೊಂದರ ಲಾಂಡ್ರಿಯಲ್ಲಿ ಮಧ್ಯಾಹ್ನದ ಪಾಳಿ. ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ದುಡಿತ. ಅಪ್ಪನ ತಾಯಿ, ಅಂದರೆ ಅಜ್ಜಿ, ಒಬ್ಬಳಿಗೆ ಮಾತ್ರ ಪಾಳಿಯೂ ಇಲ್ಲ, ರಜೆಯೂ ಇಲ್ಲ. ನಾಲ್ಕನೇ ಮಹಡಿಯ ಅಡುಗೆಮನೆ ಕಿಟಕಿಗೆ ಕುರ್ಚಿ ಎಳೆದುಕೊಂಡು ಬೀದಿ ನೋಡುವುದೇ ಅವಳ ದಿನಚರಿ.

ಅವತ್ತಿನ ಜಗಳ ವಕೀಲರ ಬಗ್ಗೆ.

"ನಮ್ಮದಲ್ಲದ ದೇಶದಲ್ಲಿ ಮನೆ ತಗೊಳ್ತಾ ಇದ್ದೀವಿ. ಇಲ್ಲಿಯ ಕಾನೂನು ಗೊತ್ತಿರೋರು ಒಬ್ಬರು ಬೇಡವಾ?" ಎಂದಳು ಅಮ್ಮ, ತರಕಾರಿಯ ಪಾತ್ರೆಯನ್ನು ಮೇಜಿನ ಮಧ್ಯಕ್ಕೆ ಕುಕ್ಕಿ.

"ಯಾಕಕ್ಕ, ದಲ್ಲಾಳಿ ಇದ್ದಾನಲ್ಲ," ಎಂದ ಅವಳ ತಮ್ಮ, ಅಂದರೆ ಮಗಳ ಮಾಮ. ಅವನು ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಿದ್ದ. ವಾರಕ್ಕೆರಡು ಸಲ ಊಟದ ಹೊತ್ತಿಗೆ ಸರಿಯಾಗಿ ಈ ಬೀದಿಯಲ್ಲೇ ಅವನಿಗೆ ಕೆಲಸ ಬೀಳುತ್ತಿತ್ತು. ಮನೆಯನ್ನು ಮೊದಲು ಕಂಡುಹಿಡಿದವನೂ ಅವನೇ ಆದ್ದರಿಂದ ಅದರ ವಿಷಯದಲ್ಲಿ ಅವನಿಗೆ ತುಸು ಹೆಚ್ಚೇ ಅಧಿಕಾರ.

"ಆ ದಲ್ಲಾಳಿ ಯಾರ ಕಡೆಯವನು?"

"ಎರಡೂ ಕಡೆಯವನು."

"ಎರಡೂ ಕಡೆ ಕಮಿಷನ್ ತಗೊಳ್ಳೋನು ಅನ್ನು."

ಅಪ್ಪ ತಟ್ಟೆಯಿಂದ ತಲೆ ಎತ್ತದೆ ಹೇಳಿದ, "ವಕೀಲರ ಹತ್ತಿರ ಹೋಗೋದು ಜಗಳ ಆದಮೇಲೆ. ಆಗೋಕೆ ಮೊದಲೇ ಹೋದ್ರೆ ಜಗಳಾನ ನಾವೇ ಕರೆದ ಹಾಗೆ."

"ನಮ್ಮ ಲಾಂಡ್ರೀಲಿ ಒಬ್ಬಳು ಹೀಗೇ ಅಂದುಕೊಂಡು ಮನೆ ತಗೊಂಡಳು. ಆಮೇಲೆ ಗೊತ್ತಾಯ್ತು, ಮನೆ ಅವಳದು, ಬಾಗಿಲಿಗೆ ಹೋಗೋ ದಾರಿ ಪಕ್ಕದವರದು. ಈಗ ಪಕ್ಕದವರಿಗೆ ಸಿಟ್ಟು ಬಂದ ದಿನ ಗೇಟಿನ ಹೊರಗೆ ನಿಂತಿರ್ತಾಳೆ, ಕೈಯಲ್ಲಿ ಕೀಲಿ ಹಿಡ್ಕೊಂಡು."

ಮಾಮ ನಕ್ಕ. ಅಪ್ಪ ನಗಲಿಲ್ಲ. ಅಷ್ಟು ಹೊತ್ತು ಅನ್ನ ಕಲಸುತ್ತಿದ್ದ ಅಜ್ಜಿ ಕೈ ನಿಲ್ಲಿಸಿದಳು.

"ನನ್ನ ಸೊಸೆ ಹೇಳಿದ ಹಾಗೆ ಮಾಡು ಮಗ. ಅವಳು ಸರಿ ಹೇಳೋದೇ ಅಪರೂಪ, ಹೇಳಿದಾಗ ಕೇಳ್ಕೋಬೇಕು."

ಅಮ್ಮ ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡು ಅತ್ತೆಗೆ ಇನ್ನೊಂದು ಸೌಟು ಬಡಿಸಿದಳು.

ಅಜ್ಜಿಯ ಮಾತಿಗೆ ಈ ವಿಷಯದಲ್ಲಿ ತೂಕ ಜಾಸ್ತಿ, ಏಕೆಂದರೆ ಮನೆ ಕೊಳ್ಳುತ್ತಿದ್ದದ್ದೇ ಅವಳಿಗೋಸ್ಕರ. ಈ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಮಂಡಿ ಕೈಕೊಟ್ಟಮೇಲೆ ಅಜ್ಜಿ ಆಸ್ಪತ್ರೆಗೆಂದಲ್ಲದೆ ಕೆಳಗೆ ಇಳಿದವಳಲ್ಲ, ಅದೂ ಮಗನ ಬೆನ್ನ ಮೇಲೆ. ಬೀದಿಯ ಜನಕ್ಕೆಲ್ಲ ಅವಳೇ ಹೆಸರಿಟ್ಟಿದ್ದಳು. ನಾಯಿ ಕಟ್ಟಿಕೊಂಡು ಹೋಗುವವಳು ಗಡಿಬಿಡಿ, ಬ್ರೆಡ್ ಅಂಗಡಿಯವನು ಹಿಟ್ಟಪ್ಪ, ಸದಾ ಫೋನಿನಲ್ಲಿ ಬೈದಾಡುವ ಹುಡುಗ ಕಾಗೆ. ಅವರ್‍ಯಾರಿಗೂ ಇವಳ ಮುಖ ಗೊತ್ತಿರಲಿಲ್ಲ.

ಬಸ್ ಮಾರ್ಗದ ಕೊನೆಯ ನಿಲ್ದಾಣದ ಹತ್ತಿರ ಮಾಮ ಕಂಡುಹಿಡಿದದ್ದು ನೆಲಮಟ್ಟದ ಪುಟ್ಟ ಮನೆ. ಮುಂದೆ ಒಂದು ಹಜಾರ, ಪಕ್ಕಕ್ಕೆ ಅಡುಗೆಮನೆ, ಮೇಲೆ ಎರಡು ಕೋಣೆ. ಎಲ್ಲಕ್ಕಿಂತ ಮುಖ್ಯ ಅಂದರೆ ಹಿಂದುಗಡೆಯ ರೂಮು. ಅದಕ್ಕೆ ಅಂಟಿಕೊಂಡೇ ಬಚ್ಚಲು, ಬಾಗಿಲು ತೆಗೆದರೆ ಎದುರಿಗೆ ಒಂದಿಷ್ಟು ಮಣ್ಣು, ಮಣ್ಣಿನ ಪಕ್ಕ ನಲ್ಲಿ. ಮಾಮ ಫೋನಿನಲ್ಲಿ ಹಿಡಿದುಕೊಂಡು ಬಂದಿದ್ದ ವಿಡಿಯೋವನ್ನು ಅಜ್ಜಿ ಅದೆಷ್ಟು ಸಲ ನೋಡಿದಳೋ. ಕಿಟಕಿ ಬಂದ ಕೂಡಲೇ "ನಿಲ್ಲಿಸು" ಅನ್ನುತ್ತಿದ್ದಳು. ಮಂಚ ಕಿಟಕಿಗೆ ಅಡ್ಡ ಹಾಕಬೇಕೋ ಉದ್ದಕ್ಕೆ ಹಾಕಬೇಕೋ ಎಂಬುದು ಅವಳಿಗೆ ದಿನವೂ ಹೊಸ ಪ್ರಶ್ನೆ.

"ಅಡ್ಡ ಹಾಕಿದ್ರೆ ಮಲಗಿದಲ್ಲೇ ನಲ್ಲಿ ಕಾಣುತ್ತೆ ಅಲ್ವೇನೇ ಗಿಣಿ?"

"ಹೂಂ ಅಜ್ಜಿ."

ಗಿಣಿ ಅಂದರೆ ಮಗಳು. ಈ ದೇಶಕ್ಕೆ ಬಂದಾಗ ಅವಳಿಗೆ ಎಂಟು ವರ್ಷ. ಆರೇ ತಿಂಗಳಲ್ಲಿ ಇಲ್ಲಿಯ ಭಾಷೆಯನ್ನು ಇಲ್ಲಿಯವರ ಹಾಗೇ ಆಡತೊಡಗಿದಾಗ ಅಜ್ಜಿ ಕೊಟ್ಟ ಹೆಸರು ಅದು. ಅಪ್ಪ, ಅಮ್ಮ ತಂತಮ್ಮ ಕೆಲಸಕ್ಕೆ ಬೇಕಾದಷ್ಟು ಕಲಿತು ನಿಲ್ಲಿಸಿಬಿಟ್ಟರು. ಅಪ್ಪನಿಗೆ ಬಸ್ಸಿನ ಬಿಡಿಭಾಗಗಳ ಹೆಸರು ಗೊತ್ತು, ಬೈಗುಳ ಗೊತ್ತು. ಅಮ್ಮನಿಗೆ ಬಿಸಿ, ತಣ್ಣಗೆ, ಬೇಗ, ನಾಳೆ ಗೊತ್ತು. ಅದಕ್ಕಿಂತ ಆಚೆಗಿನದೆಲ್ಲ ಗಿಣಿಯ ಬಾಯಿಂದಲೇ ದಾಟಿ ಬರಬೇಕು.

ಹಾಗೆ ದಾಟಿಸುವಾಗ ಅವಳು ಚಿಕ್ಕಂದಿನಲ್ಲೇ ಒಂದು ಅಭ್ಯಾಸ ಮಾಡಿಕೊಂಡಿದ್ದಳು. ಮನೆ ಮಾಲೀಕ ಬಾಗಿಲಲ್ಲಿ ನಿಂತು ಗದ್ದಲದ ಬಗ್ಗೆ ಕೂಗಾಡಿದ ದಿನ, "ಏನಂತೆ?" ಎಂದು ಅಪ್ಪ ಕೇಳಿದಾಗ ಒಂಬತ್ತರ ಹುಡುಗಿ ಹೇಳಿದ್ದು, "ಸ್ವಲ್ಪ ಮೆತ್ತಗೆ ನಡೀಬೇಕಂತೆ." ಅದಕ್ಕೆ ಅಪ್ಪ, "ಇವನಪ್ಪನ ಮನೆ ಗಂಟೇನು ಹೋಗುತ್ತೆ ಅಂತ ಕೇಳು" ಎಂದ. ಅವಳು ಮಾಲೀಕನ ಕಡೆ ತಿರುಗಿ, "ಅಪ್ಪ ಕ್ಷಮೆ ಕೇಳ್ತಿದ್ದಾರೆ" ಎಂದಳು. ಮಾಲೀಕ ಅಪ್ಪನ ಕೈ ಕುಲುಕಿ ಹೋದ. ಅಪ್ಪ ಗೆದ್ದೆ ಅಂದುಕೊಂಡ. ಎರಡು ಕಡೆಯವರಿಗೂ ಖುಷಿ ಆಯಿತಲ್ಲ, ತಪ್ಪೇನು ಎಂದು ಆ ವಯಸ್ಸಿಗೆ ಅನ್ನಿಸಿದ್ದು ಇಪ್ಪತ್ತಮೂರಕ್ಕೂ ಹಾಗೇ ಉಳಿದಿತ್ತು. ಶಾಲೆಯ ಮೇಡಂ ದೂರಿದ್ದು, ಡಿಪೋದ ಮೇಲಧಿಕಾರಿ ಫೋನಿನಲ್ಲಿ ಗದರಿದ್ದು, ಎಲ್ಲವೂ ಅವಳ ಬಾಯಿಗೆ ಬಂದು ಮೊನೆ ಮುರಿದುಕೊಂಡೇ ಆಚೆ ದಾಟುತ್ತಿತ್ತು.

ಹಿಂದಿನ ವರ್ಷ ಆಸ್ಪತ್ರೆಯಲ್ಲಿ ಡಾಕ್ಟರು ಅಜ್ಜಿಯ ಎಕ್ಸ್-ರೇ ಬೆಳಕಿಗೆ ಹಿಡಿದು, ಎಲುಬು ಪೂರ್ತಿ ಸವೆದಿದೆ, ಹೃದಯದ ಸ್ಥಿತಿ ನೋಡಿದರೆ ಆಪರೇಷನ್ ಆಗದು, ಇನ್ನು ಇವರು ತಾವಾಗಿ ನಡೆಯುವುದಿಲ್ಲ ಎಂದಿದ್ದರು. ಅಜ್ಜಿ, ಅಪ್ಪ, ಅಮ್ಮ ಮೂವರೂ ಗಿಣಿಯ ಮುಖ ನೋಡಿದರು.

"ನಿಧಾನಕ್ಕೆ ಸರಿಹೋಗುತ್ತಂತೆ," ಎಂದಿದ್ದಳು ಗಿಣಿ.

ವಕೀಲರ ಕಚೇರಿ ಔಷಧಿ ಅಂಗಡಿಯೊಂದರ ಮೇಲೆ. ವಕೀಲರು ಅಂದರೆ ಸಣ್ಣ ಕೂದಲಿನ, ಬೇಗ ಬೇಗ ಮಾತಾಡುವ ನಡುವಯಸ್ಸಿನ ಹೆಂಗಸು. ಗಂಡಸನ್ನು ನಿರೀಕ್ಷಿಸಿದ್ದ ಅಪ್ಪ ಒಂದು ಕ್ಷಣ ತಬ್ಬಿಬ್ಬಾಗಿ, ಕಾಗದ ಟೈಪ್ ಮಾಡುತ್ತಿದ್ದ ಗುಮಾಸ್ತನಿಗೆ ನಮಸ್ಕಾರ ಹೊಡೆದ. ವಕೀಲರು ನಕ್ಕು ಕೂರಿಸಿದರು. ಮನೆಯ ಬಗ್ಗೆ ಕೇಳಿದರು. ಮುಂಗಡವನ್ನು ಮಾರುವವನ ಕೈಗೆ ಕೊಡಬೇಡಿ, ನನ್ನ ಖಾತೆಯಲ್ಲಿರಲಿ, ತನಿಖೆ ಮುಗಿಯುವ ತನಕ ಅದು ಅಲ್ಲಿಂದ ಅಲ್ಲಾಡುವುದಿಲ್ಲ ಎಂದರು. ಕೊನೆಗೆ ಗಿಣಿಯನ್ನು ನೋಡಿ, "ಮುಂದಿನ ಸಲ ದುಭಾಷಿ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಮನೆಯವರು ಬೇಡ," ಎಂದರು.

ಇದನ್ನು ಮಾತ್ರ ಗಿಣಿ ಇದ್ದ ಹಾಗೇ ಹೇಳಿದಳು. ಅಪ್ಪನಿಗೆ ರೇಗಿತು.

"ದುಭಾಷಿ ಅಂದ್ರೆ ದುಡ್ಡು ಕೊಟ್ಟು ಕರೆಸೋರಾ? ನನ್ನ ಮಗಳು ಇಲ್ವಾ? ಹದಿನೈದು ವರ್ಷದಿಂದ ನನ್ನ ಬಾಯೇ ಇವಳು ಅಂತ ಹೇಳು."

"ಅಪ್ಪನಿಗೆ ನನ್ನ ಮೇಲೇ ನಂಬಿಕೆ," ಎಂದು ಗಿಣಿ ದಾಟಿಸಿದಳು.

"ಎಲ್ಲರ ಅಪ್ಪಂದಿರಿಗೂ ಇರುತ್ತೆ," ಎಂದರು ವಕೀಲರು. "ಇವತ್ತಿಗೆ ಆಗಲಿ. ನಿರ್ಧಾರ ಮಾಡೋ ದಿನ ಮಾತ್ರ ನಾನು ಬಿಡಲ್ಲ. ಈ ಕಚೇರಿಯ ನಿಯಮ."

ಎರಡು ವಾರದ ಮೇಲೆ ವಕೀಲರು ಮತ್ತೆ ಕರೆದರು. ಅಮ್ಮನಿಗೆ ರಜೆ ಸಿಕ್ಕಿರಲಿಲ್ಲ. ಅಪ್ಪ ಮತ್ತು ಗಿಣಿ ಹೋದರು. ವಕೀಲರು ಮಾತು ಸುತ್ತಿಸಲಿಲ್ಲ. ಹಿಂದುಗಡೆಯ ರೂಮು, ಬಚ್ಚಲು ಎರಡನ್ನೂ ಅನುಮತಿ ಇಲ್ಲದೆ ಕಟ್ಟಿದ್ದಾರೆ. ಪುರಸಭೆಯಿಂದ ಈಗಾಗಲೇ ಒಂದು ಎಚ್ಚರಿಕೆ ಹೋಗಿದೆ. ಯಾವಾಗ ಬೇಕಾದರೂ ಕೆಡವಬಹುದು, ಕೆಡವುವ ಖರ್ಚೂ ಮಾಲೀಕರ ಮೇಲೆ, ಅಂದರೆ ಕೊಂಡಮೇಲೆ ನಿಮ್ಮ ಮೇಲೆ. ಮಾರುವವನಿಗೆ ಇದು ಚೆನ್ನಾಗಿ ಗೊತ್ತು. ನನ್ನ ಸಲಹೆ, ಈ ಮನೆ ಬಿಡಿ.

ಗಿಣಿ ಅಪ್ಪನ ಕಡೆ ತಿರುಗಿದಳು. ಅವನು ಅವತ್ತು ಡಿಪೋದಿಂದ ನೇರವಾಗಿ ಬಂದಿದ್ದ. ಉಗುರಿನ ಸಂದಿಯ ಗ್ರೀಸ್ ಕಾಣದಿರಲೆಂದು ಎರಡೂ ಕೈ ಮಡಿಲಲ್ಲಿ ಮುಚ್ಚಿಟ್ಟುಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನ ಹಾಗೆ ಕೂತಿದ್ದ. ಮನೆಯಲ್ಲಿ ಅಜ್ಜಿ ಮಂಚದ ಲೆಕ್ಕ ಹಾಕುತ್ತಿದ್ದಳು.

"ಏನಂತೆ?"

"ಹಿಂದಿನ ರೂಮಿಂದು ಒಂದು ಕಾಗದ ಬಾಕಿ ಇದೆಯಂತೆ. ಮಾರೋರು ಸರಿಮಾಡಿಕೊಡಬೇಕಂತೆ."

"ಅಷ್ಟೇನಾ?"

"ಅಷ್ಟೇ."

"ಸರಿ, ಮಾಡಿಸಿಕೊಡಲಿ. ನಮಗೇನೂ ಅವಸರ ಇಲ್ಲ ಅಂತ ಹೇಳು."

ಗಿಣಿ ವಕೀಲರಿಗೆ ಹೇಳಿದಳು, "ಅಪ್ಪನಿಗೆ ಅರ್ಥ ಆಗಿದೆ. ಮಾರೋರು ಅನುಮತಿ ಮಾಡಿಸಿಕೊಟ್ರೆ ಮಾತ್ರ ಮುಂದುವರೀತಾರಂತೆ."

"ಜಾಣರು," ಎಂದರು ವಕೀಲರು. "ಹಾಗಾದರೆ ಅವರಿಗೆ ಬರೀತೀನಿ. ಅನುಮತಿ ಸಿಗುತ್ತೆ ಅನ್ನೋ ಭರವಸೆ ನನಗಿಲ್ಲ. ಅದನ್ನೂ ನಿಮ್ಮಪ್ಪನಿಗೆ ಹೇಳಿ."

ಅದನ್ನು ಗಿಣಿ ಹೇಳಲಿಲ್ಲ. ಅನುಮತಿಯನ್ನು ತಾನೇ ಬೆನ್ನು ಹತ್ತಿ ಮಾಡಿಸಿಬಿಟ್ಟರೆ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದು ಬಸ್ಸಿನಲ್ಲಿ ಕೂತೇ ತೀರ್ಮಾನಿಸಿದಳು.

ಅಲ್ಲಿಂದಾಚೆಗೆ ದಿನವೂ ಊಟದ ಬಿಡುವಿನಲ್ಲಿ ಕನ್ನಡಕದ ಅಂಗಡಿಯ ಹಿಂದಿನ ಕೋಣೆಗೆ ಹೋಗಿ, ಫ್ರೇಮುಗಳ ಪೆಟ್ಟಿಗೆಯ ಮೇಲೆ ಕೂತು ದಲ್ಲಾಳಿಗೆ ಫೋನ್ ಹಚ್ಚುವಳು. ದಲ್ಲಾಳಿಯ ಮಾತು ಬೆಣ್ಣೆ. "ಆಗೇ ಹೋಯ್ತು ಮಗು. ಒಂದು ಸಹಿ ಬಾಕಿ." ಮರುವಾರ, "ಸಹಿ ಹಾಕೋರು ರಜೆ ಮೇಲಿದ್ದಾರೆ." ಅದರ ಮರುವಾರ, "ರಜೆ ಮುಗಿಸಿ ಬಂದರು, ಹುಷಾರಿಲ್ಲ." ಇನ್ನೊಬ್ಬರಿಗೆ ಸಿಹಿ ಮಾಡಿ ಹೇಳುವುದನ್ನೇ ರೂಢಿ ಮಾಡಿಕೊಂಡವಳಿಗೆ ತನಗೇ ಯಾರೋ ಸಿಹಿ ಮಾಡಿ ಹೇಳುತ್ತಿದ್ದಾರೆಂದು ಹೊಳೆಯಲಿಲ್ಲ. ಹೊಳೆದರೂ ಬೇಡವಾಗಿತ್ತು.

ಮನೆಯಲ್ಲಿ ಗಂಟು ಕಟ್ಟುವ ಕೆಲಸ ಶುರುವಾಯಿತು. ಅಮ್ಮ ಹೋಟೆಲಿನಿಂದ ಸವೆದ ಬೆಡ್‌ಶೀಟುಗಳನ್ನು ಕೇಳಿ ತಂದು ಪಾತ್ರೆಗಳಿಗೆ ಸುತ್ತಿದಳು. ದಿನಾ ಬಳಸುವ ಬಾಣಲೆಯನ್ನೂ ಕಟ್ಟಿಬಿಟ್ಟು, ಮೊಟ್ಟೆ ಕರಿಯುವುದಕ್ಕೆ ಮತ್ತೆ ಬಿಚ್ಚಿದಳು. ಅದನ್ನು ನೋಡಿ ಅಪ್ಪ, "ಇನ್ನೂ ತಾರೀಖೇ ಗೊತ್ತಾಗಿಲ್ಲ," ಎಂದ.

"ನೀವು ಕೊನೆ ಗಳಿಗೇಲಿ ಷರ್ಟು ಹುಡುಕ್ತಾ ನಿಲ್ತೀರಲ್ಲ, ಹಾಗೆ ನಾನು ಬಾಣಲೆ ಹುಡುಕೋಕೆ ಆಗಲ್ಲ."

"ಷರ್ಟು ಹುಡುಕೋದು ನಾನಾ, ಎಲ್ಲೋ ಇಡೋದು ನೀನಾ?"

"ಜಗಳ ಆಡಬೇಡಿ," ಎಂದಳು ಅಜ್ಜಿ. "ನನ್ನ ಈ ಕುರ್ಚಿ ಅಲ್ಲಿಗೆ ಬರೋದು ಬೇಡ. ಇದರ ಮೇಲೆ ಕೂತೂ ಕೂತೂ ಸಾಕಾಗಿದೆ. ಅಲ್ಲಿ ನಾನು ಮೆಟ್ಟಿಲ ಮೇಲೆ ಕೂರೋಳು. ಗಿಣಿ, ಆ ಬಾಗಿಲಲ್ಲಿ ಮೆಟ್ಟಿಲು ಒಂದೇ ತಾನೆ?"

"ಒಂದೇ ಅಜ್ಜಿ."

"ಒಂದಾದ್ರೆ ಇಳಿದೇನು. ಅಷ್ಟು ಹೊತ್ತಿಗೆ ಮಂಡಿನೂ ಸರಿಹೋಗಿರುತ್ತೆ."

ಗಿಣಿ ಎದ್ದು ಹೋಗಿ ಸಿಂಕಿನಲ್ಲಿದ್ದ ಪಾತ್ರೆ ತೊಳೆಯಲು ನಿಂತಳು. ಅವಳ ಸರದಿ ಅಲ್ಲದಿದ್ದರೂ ತೊಳೆಯುತ್ತಿರುವುದನ್ನು ನೋಡಿ ಅಮ್ಮನಿಗೆ ಅನುಮಾನ ಬಂತು. ಆದರೆ ಕೆಲಸ ಹಗುರಾಗುವಾಗ ಪ್ರಶ್ನೆ ಕೇಳುವ ಜಾಯಮಾನ ಅಮ್ಮನದಲ್ಲ.

ಇನ್ನೊಂದು ವಾರ ಕಳೆಯಿತು. ಅಪ್ಪ ಹೇಳಿದ, "ಈ ಮನೆ ಮಾಲೀಕನಿಗೆ ಫೋನ್ ಮಾಡಿ, ತಿಂಗಳ ಕೊನೆಗೆ ಖಾಲಿ ಮಾಡ್ತೀವಿ ಅಂತ ತಿಳಿಸಿಬಿಡು. ಮುಂಚೆ ಹೇಳದಿದ್ರೆ ದಂಡ ಹಾಕ್ತಾನೆ."

ಗಿಣಿ ಎದುರಿಗೇ ಫೋನ್ ಮಾಡಿದಳು. ಅಪ್ಪ ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದ. ಅವಳು ಮಾಲೀಕನ ಹತ್ತಿರ ಚೆನ್ನಾಗಿದ್ದೀರಾ ಎಂದು ಕೇಳಿದಳು, ನಲ್ಲಿಯ ಸೋರುವಿಕೆಯ ಬಗ್ಗೆ ಹೇಳಿದಳು, ಬೇರೇನಾದರೂ ಇದ್ದರೆ ಮುಂದೆ ತಿಳಿಸುತ್ತೇವೆ ಎಂದು ಹೇಳಿ ಇಟ್ಟಳು.

"ಏನಂದ?"

"ಸರಿ ಅಂದ್ರು."

"ಬೇಜಾರು ಮಾಡ್ಕೊಂಡನಾ?"

"ಸ್ವಲ್ಪ."

ಅಪ್ಪನಿಗೆ ಅದು ಹಿಡಿಸಿತು. ಅಷ್ಟು ವರ್ಷ ಬಾಡಿಗೆ ಕೊಟ್ಟಿದ್ದಕ್ಕೆ ಅವನಿಗೆ ಅಷ್ಟಾದರೂ ಬೇಜಾರಾಗಬೇಕು.

ವಕೀಲರ ಕಚೇರಿಯಿಂದ ಕರೆ ಬಂತು. ಮಾರುವವನು ಉತ್ತರ ಕೊಟ್ಟಿದ್ದಾನೆ, ಎಲ್ಲರೂ ಬನ್ನಿ, ದುಭಾಷಿಯನ್ನು ನಾವೇ ಗೊತ್ತುಮಾಡಿದ್ದೇವೆ. ಫೋನ್ ಎತ್ತಿಕೊಂಡದ್ದು ಅಪ್ಪ. ದಿನ ಮತ್ತು ಗಂಟೆ ಅವನಿಗೆ ಅರ್ಥವಾಯಿತು. ಉಳಿದದ್ದನ್ನು ಸಹಿಗೆ ಕರೆದಿದ್ದಾರೆ ಎಂದು ತಾನೇ ತುಂಬಿಕೊಂಡ. ಮಾಮ ಸಿಹಿಯ ಡಬ್ಬಿ ಹಿಡಿದು ಬಂದ. ಅಮ್ಮ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಳು. ಬೇರೆಯವರ ಬಟ್ಟೆಗೆ ಇಸ್ತ್ರಿ ಹಾಕಿ ಹಾಕಿ ತನ್ನದಕ್ಕೆ ಎಂದೂ ಹಾಕದವಳು ಅವಳು. ಅಜ್ಜಿ ಕಿಟಕಿಯಿಂದ ಕೈ ಬೀಸಿದಳು.

ದಾರಿಯುದ್ದಕ್ಕೂ ಗಿಣಿ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಪ್ರತಿ ಸಲವೂ ಮಾಮ ಇನ್ನೇನೋ ಜೋಕು ಹೇಳಿದ. ಅವಳು ಹೇಳದಿದ್ದುದಕ್ಕೆ ಜೋಕೇ ಕಾರಣವೆಂದು ಯಾರೂ ನಂಬಬೇಕಿಲ್ಲ.

ದುಭಾಷಿ ಆಗಲೇ ಬಂದು ಕೂತಿದ್ದಳು. ಎತ್ತರದ ಹೆಂಗಸು, ತೊಡೆಯ ಮೇಲೆ ಬಟ್ಟೆಯ ಚೀಲ, ಮೇಜಿನ ಮೇಲೆ ನೀರಿನ ಬಾಟಲಿ. ಊರು ಯಾವುದು, ಮಕ್ಕಳೆಷ್ಟು ಎಂದು ಅಮ್ಮ ವಿಚಾರಿಸಿದಳು. "ಆಮೇಲೆ ಮಾತಾಡೋಣ," ಎಂದು ದುಭಾಷಿ ವಕೀಲರ ಕಡೆ ತಿರುಗಿ ಕೂತಳು. ವಕೀಲರು ಮಾತಾಡತೊಡಗಿದರು. ದುಭಾಷಿಯ ದನಿ ರೈಲು ನಿಲ್ದಾಣದ ಪ್ರಕಟಣೆಯ ಹಾಗೆ ಏರಿಳಿತವಿಲ್ಲದೆ ಬಂತು.

"ಮಾರುವವರು ಅನುಮತಿ ಮಾಡಿಸಿಕೊಡಲು ಒಪ್ಪಿಲ್ಲ. ಇದ್ದ ಹಾಗೇ ಕೊಳ್ಳಿ ಅಥವಾ ಬಿಡಿ ಎಂದಿದ್ದಾರೆ. ಹಿಂದುಗಡೆಯ ರೂಮು ಮತ್ತು ಬಚ್ಚಲನ್ನು ಪುರಸಭೆ ಕೆಡವಬಹುದು. ನಾನು ಮೊದಲೇ ಹೇಳಿದ್ದೆ, ಈಗಲೂ ಹೇಳುತ್ತೇನೆ, ಈ ಮನೆ ಕೊಳ್ಳಬೇಡಿ."

ಅಪ್ಪ ಕಣ್ಣು ಕಿರಿದು ಮಾಡಿದ. "ನೀವು ಯಾವಾಗ ಹೇಳಿದ್ರಿ? ನಿಮ್ಮನ್ನ ನೋಡ್ತಿರೋದೇ ಇವತ್ತು."

"ನಾನಲ್ಲ, ವಕೀಲರು. ಅವರು 'ನಾನು' ಅಂದ್ರೆ ನಾನೂ 'ನಾನು' ಅಂತಲೇ ಹೇಳಬೇಕು. ನಮ್ಮ ಕೆಲಸ ಹಾಗೆ."

"ಕೆಡವೋದು ಅಂದ್ರೇನು?" ಎಂದಳು ಅಮ್ಮ. "ಯಾವ ರೂಮು?"

"ಇದ್ಯಾವ ಪೀಡೆ ವಕೀಲಮ್ಮನಪ್ಪ!" ಎಂದು ಮಾಮ ಎದ್ದು ನಿಂತ. ಅವನು ಬಾಯಿ ಮುಚ್ಚುವ ಮೊದಲೇ ದುಭಾಷಿ ಅದನ್ನೂ ಅಷ್ಟೇ ತಣ್ಣಗೆ ವಕೀಲರ ಭಾಷೆಗೆ ದಾಟಿಸಿಬಿಟ್ಟಳು. ವಕೀಲರು ಹುಬ್ಬೇರಿಸಿದರು.

"ಅಯ್ಯೋ, ಅದನ್ನ ಯಾಕೆ ಹೇಳಿದ್ರಿ! ಅದು ನಮ್ಮ ನಮ್ಮಲ್ಲಿ ಆಡಿದ್ದು!"

"ಈ ಕೋಣೇಲಿ ಆಡಿದ್ದೆಲ್ಲ ಹೇಳ್ತೀನಿ. ಬೇಡ ಅಂದ್ರೆ ಹೊರಗೆ ಹೋಗಿ ಆಡಿ."

ಮಾಮ ಕೂತುಕೊಂಡು ಸಿಹಿಯ ಡಬ್ಬಿಯನ್ನು ಕುರ್ಚಿಯ ಕೆಳಗೆ ಸರಿಸಿದ. ಅಪ್ಪ ಗಿಣಿಯ ಕಡೆ ನೋಡಲಿಲ್ಲ. ದುಭಾಷಿಯನ್ನೇ ನೋಡುತ್ತ, ಒಂದೊಂದೇ ಮಾತು ಎಣಿಸಿಕೊಟ್ಟ ಹಾಗೆ ಕೇಳಿದ, "ಹೋದ ಸಲ ನಾನು ಬಂದಿದ್ದಾಗ ಈ ಮಾತು ಹೇಳಿದ್ರಾ ಅಂತ ಕೇಳಿ."

ಪ್ರಶ್ನೆ ಆಚೆ ಹೋಯಿತು. ಉತ್ತರ ಈಚೆ ಬಂತು.

"ಹೇಳಿದ್ದೆ. ನಿಮ್ಮ ಮಗಳಿಗೆ ಬಿಡಿಸಿ ಹೇಳಿದ್ದೆ. ನಿಮಗೆ ಅರ್ಥವಾಗಿದೆ ಎಂದು ಅವರು ಹೇಳಿದರು."

ಗಿಣಿ, "ನಾನೇ ಸರಿಮಾಡಿಸೋಣ ಅಂತ..." ಎಂದು ಶುರುಮಾಡಿದಳು. ದುಭಾಷಿ ಅದನ್ನೂ ವಕೀಲರಿಗೆ ದಾಟಿಸಿದಳು. ಎರಡು ಭಾಷೆಯೂ ಬರುತ್ತಿದ್ದ ಗಿಣಿ ತನ್ನ ಮಾತನ್ನು ತಾನೇ ಇನ್ನೊಬ್ಬರ ಬಾಯಲ್ಲಿ ಕೇಳಿದಳು. ಒಂದಕ್ಷರವೂ ಆಚೀಚೆ ಆಗಿರಲಿಲ್ಲ.

ಮುಂಗಡ ವಾಪಸಾಗುತ್ತದೆ ಎಂದರು ವಕೀಲರು. ಅದು ತಮ್ಮ ಖಾತೆಯಿಂದ ಅಲ್ಲಾಡಿರಲಿಲ್ಲ. ನೆಲಮಟ್ಟದ ಬೇರೆ ಮನೆ ನೋಡಿ, ಕೊಳ್ಳುವ ಮೊದಲು ನನಗೆ ತೋರಿಸಿ ಎಂದರು. ಅಪ್ಪ ಎದ್ದು ಗ್ರೀಸಿನ ಕೈಯನ್ನೇ ಚಾಚಿ ವಕೀಲರ ಕೈ ಕುಲುಕಿದ.

ಬೀದಿಗೆ ಬಂದಮೇಲೆ ಅವನಿಗೆ ನೆನಪಾಯಿತು. "ಈಗಿರೋ ಮನೇನೂ ಬಿಟ್ಟಿದ್ದೀವಲ್ಲೇ! ತಿಂಗಳ ಕೊನೆಗೆ ಎಲ್ಲಿಗೆ ಹೋಗೋದು, ಡಿಪೋಗಾ?"

"ಬಿಟ್ಟಿಲ್ಲ," ಎಂದಳು ಗಿಣಿ.

"ಏನು?"

"ಮಾಲೀಕರಿಗೆ ನಾನು ಹೇಳಲೇ ಇಲ್ಲ. ನಲ್ಲಿ ಸೋರ್ತಿದೆ ಅಂದೆ ಅಷ್ಟೇ."

ಬೈಯಬೇಕೋ, ತಲೆ ಸವರಬೇಕೋ ತಿಳಿಯದೆ ಅಪ್ಪ ಫುಟ್‌ಪಾತಿನ ಮೇಲೆ ಸುಮ್ಮನೆ ನಿಂತ. ಮಾಮನಿಗೆ ನಗು ತಡೆಯಲಾಗಲಿಲ್ಲ. ಅಮ್ಮ ಅವನ ತೋಳಿಗೆ ಗುದ್ದಿದಳು.

"ಇದಕ್ಕೂ ನಗ್ತೀಯಾ? ನಿನ್ನ ದಲ್ಲಾಳಿ ಎಲ್ಲಿ ಈಗ? ಎರಡೂ ಕಡೆಯವನು!"

ಮನೆಯಲ್ಲಿ ಅಜ್ಜಿ ಬಾಗಿಲಿಗೆ ಕಿವಿ ಕೊಟ್ಟು ಕಾದಿದ್ದಳು. ಕಾಲ ಬಳಿ ಅವಳ ಬಟ್ಟೆಯ ಗಂಟು. ನಾಲ್ವರೂ ಒಳಗೆ ಬಂದು ಒಬ್ಬೊಬ್ಬರೂ ಒಂದೊಂದು ಕಡೆ ನೋಡುತ್ತ ನಿಂತರು.

"ಏನಾಯ್ತು? ಹೇಳೋಕೇನು ಬಾಡಿಗೆ ಕೊಡಬೇಕಾ?"

"ಗಿಣೀನೇ ಹೇಳಲಿ," ಎಂದ ಅಪ್ಪ. "ಪೂರ್ತಿ ಹೇಳಲಿ. ಕೇಳ್ಕೋತಾ ಇರ್ತೀನಿ."

ಗಿಣಿ ನೆಲದ ಮೇಲೆ ಅಜ್ಜಿಯ ಎದುರಿಗೆ ಕೂತು ಹೇಳಿದಳು. ರೂಮಿನ ವಿಷಯ ಹೇಳಿದಳು, ವಕೀಲರು ಮೊದಲೇ ಬೇಡ ಅಂದದ್ದನ್ನು ಹೇಳಿದಳು, ತಾನು ಮುಚ್ಚಿಟ್ಟದ್ದನ್ನು, ದುಭಾಷಿಯ ಬಾಯಿಂದ ಅದು ಬಯಲಾದದ್ದನ್ನು ಹೇಳಿದಳು. ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಅಜ್ಜಿ ಮಧ್ಯದಲ್ಲಿ ಒಂದೇ ಒಂದು ಸಲ ಬಾಯಿ ಹಾಕಿದಳು.

"ಆ ನಲ್ಲಿ?"

"ಮನೇನೇ ತಗೊಳ್ಳಲ್ಲ ಅಜ್ಜಿ."

ಅಜ್ಜಿ ಕಾಲ ಬಳಿಯ ಗಂಟನ್ನು ಪಕ್ಕಕ್ಕೆ ತಳ್ಳಿದಳು. ಆಮೇಲೆ ಅವಳ ಸಿಟ್ಟು ಮೇಲೆದ್ದಿತು. ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ಗಿಣಿ ಕೇಳಿದವಳಲ್ಲ.

"ಮಂಚ ಅಡ್ಡ ಹಾಕ್ಲಾ ಉದ್ದ ಹಾಕ್ಲಾ ಅಂತ ದಿನಾ ಕೇಳ್ತಿದ್ದೆನಲ್ಲೇ! ಇಲ್ಲದ ರೂಮಿಗೆ ಹೂಂ ಹೂಂ ಅಂತಿದ್ದೆಯಲ್ಲ! ನನ್ನನ್ನ ಮಗು ಅಂದುಕೊಂಡ್ಯಾ, ಹುಚ್ಚಿ ಅಂದುಕೊಂಡ್ಯಾ?"

"ನಿನಗೆ ಬೇಜಾರಾಗುತ್ತೆ ಅಂತ ಅಜ್ಜಿ."

"ಬೇಜಾರು ನಂದು. ಅದನ್ನ ನನಗೆ ಕೊಡಬೇಕಾಗಿತ್ತು. ನೀನ್ಯಾಕೆ ಇಟ್ಕೊಂಡೆ?"

ಅಮ್ಮ ಬಾಣಲೆಯ ಗಂಟು ಬಿಚ್ಚತೊಡಗಿದಳು. ಅಜ್ಜಿ ಉಸಿರು ಎಳೆದುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ದನಿ ಇಳಿಸಿ ಕೇಳಿದಳು.

"ಮತ್ತೆ ಆ ಡಾಕ್ಟರು? ಮಂಡಿಗೆ ಅವತ್ತು ಏನಂದ್ರು?"

ಗಿಣಿ ಅಪ್ಪನ ಮುಖ ನೋಡಿದಳು. ಅಪ್ಪನಿಗೂ ಅದೇ ಗಳಿಗೆಗೆ ಅದು ಹೊಳೆಯಿತೆಂದು ಕಾಣುತ್ತದೆ.

"ಈಗ ಅದ್ಯಾಕೆ ಬಿಡಮ್ಮ," ಎಂದ. "ಊಟ ಮಾಡೋಣ ಮೊದಲು."

"ನೀನೂ ಶುರುಮಾಡಿದ್ಯಾ? ಬೇಡ. ಇವಳೂ ಬೇಡ, ನೀನೂ ಬೇಡ. ಆ ಮಾತಿನ ಹೆಂಗಸನ್ನ ಕರೆದುಕೊಂಡು ಬಾ. ಅವಳ ಬಾಯಿಂದಲೇ ಕೇಳ್ತೀನಿ."

ಆಸ್ಪತ್ರೆಯ ದಿನ ಸಿಗುವುದಕ್ಕೆ ತಿಂಗಳಿಗೂ ಹೆಚ್ಚು ಬೇಕಾಯಿತು. ಆ ನಡುವೆ ಅಪ್ಪ ಗಿಣಿಯ ಹತ್ತಿರ ಉಪ್ಪು ಕೊಡು, ಚಹಾ ಮಾಡು ಎಂಬುದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಬಂದ ಕಾಗದಗಳನ್ನು ಅವಳ ಕೈಗೆ ಕೊಡದೆ ಡಿಪೋಗೆ ಒಯ್ದು ಜೊತೆಯವರ ಹತ್ತಿರ ಓದಿಸಿಕೊಂಡು ಬರುತ್ತಿದ್ದ. ಒಂದು ಸಲ ಹಾಗೆ ಓದಿಸಿಕೊಂಡು, ಕರೆಂಟು ಬಿಲ್ಲನ್ನು ಬಹುಮಾನದ ಸುದ್ದಿ ಎಂದುಕೊಂಡು ಬಂದ. ಗಿಣಿ ನೋಡಿಯೂ ಸುಮ್ಮನಿದ್ದಳು. ಅಮ್ಮನಿಗೆ ತಡೆಯಲಾಗಲಿಲ್ಲ.

"ಮಗಳ ಹತ್ತಿರ ಕೇಳ್ರೀ. ಇನ್ನು ಸುಳ್ಳು ಹೇಳಲ್ಲ ಅವಳು."

"ಸುಳ್ಳು ಹೇಳ್ತಾಳೆ ಅಂತಲ್ಲ. ಯಾವುದು ನಿಜ ಹೇಳಿದ್ಲು ಅಂತ ನನಗೆ ಗೊತ್ತಾಗ್ತಿಲ್ಲ, ಅದು ನನ್ನ ಕಷ್ಟ. ಹದಿನೈದು ವರ್ಷದ್ದು ಎಲ್ಲಿಂದ ಕೇಳ್ಕೊಂಡು ಬರಲಿ?"

ಅದಕ್ಕೆ ಉತ್ತರ ಗಿಣಿಯ ಹತ್ತಿರ ಇತ್ತು, ಆದರೆ ಅವಳನ್ನು ಯಾರೂ ಕೇಳಲಿಲ್ಲ.

ಇದರ ನಡುವೆಯೇ ವಕೀಲರು ಇನ್ನೊಂದು ಮನೆ ನೋಡಿ ಒಪ್ಪಿದರು. ಅದೂ ನೆಲಮಟ್ಟದ್ದೇ, ಎರಡು ಕೋಣೆ. ಮಣ್ಣಿಲ್ಲ, ನಲ್ಲಿ ಇಲ್ಲ, ಬಾಗಿಲ ಮುಂದೆ ಸಿಮೆಂಟಿನ ಕಟ್ಟೆ, ಆಚೆಗೆ ಬೀದಿ. ದುಭಾಷಿ ಎಲ್ಲವನ್ನೂ ಪ್ರಕಟಣೆಯ ದನಿಯಲ್ಲಿ ಹೇಳಿದಳು, ಗೋಡೆಯ ತೇವವನ್ನೂ ಬಿಡಲಿಲ್ಲ. ಅಪ್ಪ ಒಪ್ಪಿದ. ಮಾಮ ವಿಡಿಯೋ ತಂದರೆ ಅಜ್ಜಿ ನೋಡಲಿಲ್ಲ. "ಹೋದಮೇಲೆ ನೋಡ್ತೀನಿ," ಎಂದಳು.

ಆಸ್ಪತ್ರೆಯ ದಿನ ಅಪ್ಪ ಮತ್ತು ಮಾಮ ಅಜ್ಜಿಯನ್ನು ಅದೇ ಕಿಟಕಿಯ ಕುರ್ಚಿಯಲ್ಲಿ ಕೂರಿಸಿ, ಹಿಂದೊಬ್ಬ ಮುಂದೊಬ್ಬ ಹಿಡಿದು ಇಳಿಸಿದರು. ಪ್ರತಿ ತಿರುವಿನಲ್ಲೂ ಮಾಮ ನಿಂತು ಏದುಸಿರು ಬಿಟ್ಟ. "ಅತ್ತೆ, ನೀವು ನೋಡೋಕೆ ಹಗುರ," ಎಂದ. "ನೀನು ನೋಡೋಕೆ ಗಟ್ಟಿ," ಎಂದಳು ಅಜ್ಜಿ. ಬೀದಿಯಲ್ಲಿ ಗಡಿಬಿಡಿ ನಾಯಿಯೊಡನೆ ಎದುರಾದಳು. ಅಜ್ಜಿ ಪರಿಚಯದವರನ್ನು ಕಂಡಂತೆ ನಕ್ಕಳು. ಆ ಹೆಂಗಸು ಯಾರೋ ಎಂದುಕೊಂಡು ಮುಂದೆ ಹೋದಳು.

ಡಾಕ್ಟರ ಕೋಣೆಯ ಬಾಗಿಲಲ್ಲಿ ದುಭಾಷಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಅಜ್ಜಿಯನ್ನು ಆಸ್ಪತ್ರೆಯ ಗಾಲಿಕುರ್ಚಿಗೆ ಬದಲಾಯಿಸಿ ಅಪ್ಪ ಒಳಗೆ ತಳ್ಳಿದ. ಗಿಣಿ ಹಿಂದೆಯೇ ಹೆಜ್ಜೆ ಇಟ್ಟಳು.

"ನೀನು ಇಲ್ಲೇ ಇರು," ಎಂದಳು ಅಜ್ಜಿ.

ಹದಿನೈದು ವರ್ಷದಲ್ಲಿ ಮೊದಲ ಸಲ ಗಿಣಿ ಹೊರಗೆ ಉಳಿದಳು. ಪಡಸಾಲೆಯ ಬೆಂಚಿನ ಮೇಲೆ ಅಮ್ಮನ ಪಕ್ಕ ಕೂತಳು. ಬಾಗಿಲಾಚೆಗಿನ ದನಿಗಳು ಕೇಳುತ್ತಿದ್ದವು, ಮಾತು ಬಿಡಿಸಿ ಕೇಳುತ್ತಿರಲಿಲ್ಲ. ಡಾಕ್ಟರ ದನಿ, ಹಿಂದೆಯೇ ಏರಿಳಿತವಿಲ್ಲದ ದುಭಾಷಿಯ ದನಿ, ಒಂದು ಸಲ ಅಜ್ಜಿಯ ದನಿ, ಮತ್ತೆ ಡಾಕ್ಟರದು. ಅಮ್ಮ ಚೀಲದಿಂದ ಸೇಬು ತೆಗೆದು ಹೆಚ್ಚಿ ಕೊಟ್ಟಳು. ಗಿಣಿ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಒಳಗೆ ಏನಾಗುತ್ತಿದೆಯೆಂದು ತಿಳಿಯದೆ ಕಾಯುವುದು ಅಂದರೆ ಏನೆಂದು ಅಪ್ಪ ಅಮ್ಮನಿಗೆ ಮೊದಲಿಂದ ಗೊತ್ತಿತ್ತು, ಅವಳಿಗೆ ಅವತ್ತೇ ಗೊತ್ತಾದದ್ದು.

ಬಾಗಿಲು ತೆರೆಯಿತು. ಮೊದಲು ದುಭಾಷಿ ಬಂದು, ಯಾರ ಮುಖವನ್ನೂ ನೋಡದೆ, ಬಾಟಲಿಯ ಮುಚ್ಚಳ ತಿರುಗಿಸಿ ನೀರು ಕುಡಿದಳು. ಹಿಂದೆ ಅಪ್ಪ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಅವನ ಕಣ್ಣು ಕೆಂಪಾಗಿತ್ತು. ಅವನು ಗೋಡೆಯ ಮೇಲಿನ ಯಾವುದೋ ಚಿತ್ರವನ್ನು ನೋಡುತ್ತ ನಿಂತ. ಅಜ್ಜಿ ಮಾತ್ರ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದಳು.

ಗಿಣಿ ಎದ್ದು ನಿಂತಳು. "ಏನಂದ್ರು ಅಜ್ಜಿ?"

ಅಜ್ಜಿ ಮೊಮ್ಮಗಳ ಮುಖ ನೋಡಿದಳು. ಅವಳ ಕೈಯಲ್ಲಿ ಕಪ್ಪಾಗುತ್ತಿದ್ದ ಸೇಬಿನ ಹೋಳನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.

"ನಿಧಾನಕ್ಕೆ ಸರಿಹೋಗುತ್ತಂತೆ."

ಅಪ್ಪ ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

"ಅಷ್ಟೇನಾ?" ಎಂದಳು ಗಿಣಿ.

"ಅಷ್ಟೇ. ಇನ್ನೇನಿರುತ್ತೆ. ಕುರ್ಚಿ ತಳ್ಳು, ನಿನ್ನ ಮಾಮ ವ್ಯಾನಲ್ಲಿ ಕಾಯ್ತಿದ್ದಾನೆ."

ಗಿಣಿ ಕುರ್ಚಿಯ ಹಿಂದೆ ಹೋಗಿ ನಿಂತು, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಮೆಲ್ಲಗೆ ತಳ್ಳಿದಳು.